ಮಳೆಯಿಲ್ಲದಿದ್ದರೂ ಶೀಟಿನಿಂದ ನೀರು ತೊಟ್ಟಿಕ್ಕುತ್ತಿದೆ

ಮಹಡಿಮನೆ (ವಿದ್ಯಾರಣ್ಯಪುರ):
ತಾರಸಿಯ ಮೇಲೆ ಬಣ್ಣದ ತಗಡಿನ ಶೀಟ್ ಹೊದಿಸಿ ಕೋಣೆ ಮಾಡಿಸಿದ್ದೇವೆ. ಮಗಳು ಅಲ್ಲೇ ಓದಿಕೊಳ್ಳುತ್ತಾಳೆ. ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ. ಈಗ ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಶೀಟಿನ ಒಳಮೈಯಿಂದ ನೀರು ಬೀಳುತ್ತಿದೆ, ಪುಸ್ತಕಗಳೆಲ್ಲ ತೇವ. ಸ್ಕ್ರೂಗಳಿಗೆ ಸಿಲಿಕಾನ್ ಬಳಿಸಿದರೂ ನಿಲ್ಲಲಿಲ್ಲ. ಜಿಪ್ಸಂ ಸೀಲಿಂಗ್ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಬಹುದೇ?

ಶೀಟ್ ಕೆಲಸ (ಪೀಣ್ಯ):
ದಯವಿಟ್ಟು ಈಗಲೇ ಸೀಲಿಂಗ್ ಬೇಡ, ಮೇಡಂ. ಇದು ಸೋರಿಕೆಯಲ್ಲ, ಕೋಣೆಯ ಗಾಳಿಯೊಳಗಿನ ನೀರೇ. ಮೋಡವಿಲ್ಲದ ರಾತ್ರಿ ಅರ್ಧ ಮಿಲಿಮೀಟರ್ ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗೆ 20 ಡಿಗ್ರಿ, ತೇವಾಂಶ ಶೇ 80 ಇದ್ದರೆ 16 ಡಿಗ್ರಿಯ ಆಸುಪಾಸಿನಲ್ಲೇ ಹನಿ ಕಟ್ಟುತ್ತದೆ. ನಮ್ಮೂರಿನ ಡಿಸೆಂಬರ್ ರಾತ್ರಿಗೆ ಅಷ್ಟು ಸಾಕು.

ಬೆಳಗ್ಗೆ ಟಾರ್ಚ್ ಹಿಡಿದು ನೋಡಿ. ಸ್ಕ್ರೂ ಸುತ್ತ ಮಾತ್ರ ಒದ್ದೆಯಿದ್ದರೆ ನನ್ನ ಮಾತು ತಪ್ಪು. ಶೀಟಿನ ತುಂಬ ಸಣ್ಣ ಹನಿಗಳು ಕೂತು, ಇಳಿಜಾರಿನ ಗುಂಟ ಹರಿದು, ಅಡ್ಡಪಟ್ಟಿ ಸಿಕ್ಕಲ್ಲಿ ತೊಟ್ಟಿಕ್ಕುತ್ತಿದ್ದರೆ ಅದೇ. ಜಿಪ್ಸಂ ಹಾಕಿದರೆ ಹನಿ ಕಣ್ಣಿಗೆ ಬೀಳುವುದಿಲ್ಲ, ಹಲಗೆಯ ಮೇಲೆ ಬೀಳುತ್ತದೆ. ಮುಂದೆ ಕಂದು ಕಲೆ, ಬೂಷ್ಟು.

ಫಾಯಿಲ್ ಇರುವ, ಶಾಖ ತಡೆಯುವ ಪ್ಲಾಸ್ಟಿಕ್ ಸ್ಪಂಜಿನಂಥ ಎಕ್ಸ್‌ಎಲ್‌ಪಿಇ ಫೋಮನ್ನು ಶೀಟಿನ ಒಳಮೈಗೆ, ಉಬ್ಬು ತಗ್ಗು ಬಿಡದೆ ಅಂಟಿಸಿ. 10 ಮಿ.ಮೀ.ಗಿಂತ ತೆಳುವಾದದ್ದು ಬೇಡ. ಅಂಚು, ಜೋಡಣೆಗಳಿಗೆಲ್ಲ ಅಲ್ಯೂಮಿನಿಯಂ ಟೇಪ್. ಕೆಲಸಗಾರರು ಟೇಪಿನಲ್ಲೇ ಅವಸರ ಮಾಡುತ್ತಾರೆ, ಎದುರಿಗೆ ನಿಂತು ಹಾಕಿಸಿ. ಸಂದು ಬಿಟ್ಟಲ್ಲಿ ಗಾಳಿ ನುಗ್ಗಿ ತಗಡನ್ನು ಮುಟ್ಟಿದರೆ ಫೋಮಿನ ಹಿಂದೆಯೇ ನೀರು ನಿಲ್ಲುತ್ತದೆ.

ಅಲ್ಲಿ ಬಟ್ಟೆ ಒಣಗಿಸುತ್ತೀರಾ?

ಮಹಡಿಮನೆ:
ಹೌದು. ಇಬ್ಬನಿಗೆ ಹೆದರಿ ರಾತ್ರಿ ಒಳಗೇ ಹರವುತ್ತೇವೆ, ಕಿಟಕಿಗಳನ್ನೂ ಮುಚ್ಚಿರುತ್ತೇವೆ.

ಹಳೇ ತಾರಸಿ (ಬಸವನಗುಡಿ):
ನಮ್ಮಲ್ಲಿ ಶೀಟಿನಡಿ ಗಾಜಿನೆಳೆಗಳ ಉಣ್ಣೆ, ಅಂದರೆ ಗ್ಲಾಸ್‌ವೂಲ್ ಇದೆ, ತೊಂದರೆ ಇಲ್ಲ. ಮೇಲೆ ಗಾಳಿಗೆ ತಿರುಗುವ ಟರ್ಬೊ ಫ್ಯಾನೂ ಇದೆ.

ಶೀಟ್ ಕೆಲಸ:
ಗ್ಲಾಸ್‌ವೂಲ್ ಒಳ್ಳೆಯದೇ ಸರ್, ಆದರೆ ಕೋಣೆಯ ಕಡೆಗೆ ಆವಿ ತಡೆಯುವ ಹಾಳೆ ಇರಲೇಬೇಕು. ಒದ್ದೆಯಾದ ಉಣ್ಣೆ ಚಳಿ ತಡೆಯುವುದಿಲ್ಲ, ತಗಡಿಗೆ ತುಕ್ಕು ಹಿಡಿಸುತ್ತದೆ. ಟರ್ಬೊ ಗಾಳಿ ಬೀಸಿದಾಗ ಚೆನ್ನಾಗಿ ಎಳೆಯುತ್ತದೆ, ಬೆಳಗಿನ ಜಾವ ಗಾಳಿ ಬಿದ್ದುಹೋದಾಗ ನಿಧಾನ. ಅದಕ್ಕಿಂತ ಸೂರಿನಂಚಿನಲ್ಲೂ ನೆತ್ತಿಯಲ್ಲೂ ಜಾಲರಿ ಹಾಕಿದ ಕಿಂಡಿ ಬಿಡಿಸಿ.

ಮೇಡಂ, ಬಟ್ಟೆಯ ಹಗ್ಗ ಇವತ್ತೇ ಹೊರಗೆ ಹೋಗಲಿ, ಎದುರು ಬದುರಿನ ಎರಡು ಕಿಟಕಿ ರಾತ್ರಿ ಸ್ವಲ್ಪ ತೆರೆದಿರಲಿ. ಒಂದು ವಾರ ನೋಡಿ, ಆಮೇಲೆ ಫೋಮಿಗೆ ದುಡ್ಡು ಹಾಕಿ.