24 ಜನ, 40 ನಿಮಿಷ: ಬೋರ್ ಆಗ್ದಿರೋ ಐಸ್‌ಬ್ರೇಕರ್ ಆಟ ಯಾವ್ದಿದೆ?

ಮೂಲೆಕುರ್ಚಿ:
ಎಲ್ರಿಗೂ ನಮಸ್ಕಾರ. ಮುಂದಿನ ವಾರ ನಮ್ಮಲ್ಲಿ ಎರಡು ಟೀಮ್ ಸೇರ್ಸಿ ಒಂದು ಮಾಡ್ತಿದ್ದಾರೆ, ಎರಡು ದಿನದ ಟ್ರೈನಿಂಗ್ ಇದೆ, ಅದ್ರಲ್ಲಿ ಮೊದಲ 40 ನಿಮಿಷ "ಎಲ್ರಿಗೂ ಪರಿಚಯ ಆಗೋ ಹಾಗೆ ಏನಾದ್ರೂ ಆಟ ಆಡ್ಸು" ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಒಟ್ಟು 24 ಜನ, ಒಂದೊಂದು ಟೀಮಿಂದ 12. ಈಗಷ್ಟೇ ಸೇರಿರೋ ಹುಡುಗ್ರಿಂದ ಹಿಡಿದು ರಿಟೈರ್ ಆಗೋಕೆ ಹತ್ರ ಇರೋರ ತನಕ ಇದ್ದಾರೆ, ಒಬ್ರಿಗೆ ಮಂಡಿ ನೋವು, ತುಂಬಾ ಹೊತ್ತು ನಿಲ್ಲೋಕಾಗಲ್ಲ.

ನಂಗೆ ಭಯ ಯಾಕಂದ್ರೆ ಹಿಂದೆ ಒಂದ್ಸಲ ನಾನೇ ಇಂಥದ್ರಲ್ಲಿ ಸಿಕ್ಕಾಕೊಂಡಿದ್ದೆ. ರೌಂಡಾಗಿ ಕೂರ್ಸಿ "ಹೆಸರು ಹೇಳಿ, ನಿಮ್ಮ ಬಗ್ಗೆ ಯಾರಿಗೂ ಗೊತ್ತಿಲ್ದಿರೋ ಒಂದು ಇಂಟ್ರೆಸ್ಟಿಂಗ್ ವಿಷ್ಯ ಹೇಳಿ" ಅಂದ್ರು. ನಂದು ಹದಿನೇಳನೇ ನಂಬರ್. ಹದಿನಾರು ಜನ ಮಾತಾಡೋವರೆಗೂ ಯಾರು ಏನಂದ್ರು ಒಂದೂ ತಲೆಗೆ ಹೋಗ್ಲಿಲ್ಲ, ನಾನೇನ್ ಹೇಳ್ಲಿ ನಾನೇನ್ ಹೇಳ್ಲಿ ಅಂತ ಅಷ್ಟೇ. ಕೊನೆಗೆ ನನ್ನ ಸರದಿ ಬಂದಾಗ "ಪುಸ್ತಕ ಓದೋದಂದ್ರೆ ಇಷ್ಟ" ಅಂದೆ. ನನಗಿಂತ ಮುಂಚೆ ಆರು ಜನ ಅದನ್ನೇ ಅಂದಿದ್ರಂತೆ, ಆಮೇಲೆ ಗೊತ್ತಾಯ್ತು. ಪಕ್ಕದಲ್ಲಿ ಕೂತಿದ್ದೋರ ಹೆಸ್ರೂ ನೆನಪಿರ್ಲಿಲ್ಲ. ಅದನ್ನೇ ಈಗ ನಾನು ಬೇರೆಯವ್ರಿಗೆ ಮಾಡೋಕೆ ಇಷ್ಟ ಇಲ್ಲ. ಏನ್ ಮಾಡ್ಲಿ?

ಜೋಶ್_ಇದೆ:
ಹ್ಯೂಮನ್ ನಾಟ್ ಆಡ್ಸಿ ಗುರು, ಸೂಪರ್ ಇರುತ್ತೆ!! 8 ಜನ ಒಂದು ಗುಂಪು, ಹತ್ರ ಹತ್ರ ನಿಂತು ಕೈ ಚಾಚಿ ಎದುರಿಗಿರೋ ಇಬ್ಬರು ಬೇರೆ ಬೇರೆಯೋರ ಕೈ ಹಿಡ್ಕೋಬೇಕು, ಪಕ್ಕದೋರ್ದು ಹಿಡೀಬಾರ್ದು, ಆಮೇಲೆ ಕೈ ಬಿಡದೇ ಆ ಗಂಟು ಬಿಡಿಸ್ಬೇಕು. ಕೆಲವು ಸಲ ಒಂದು ದೊಡ್ಡ ರಿಂಗ್ ಬರುತ್ತೆ ಕೆಲವು ಸಲ ಎರಡು ರಿಂಗ್ ಬರುತ್ತೆ. ನಗು ಗ್ಯಾರಂಟಿ.

ಹಿಂದಿನ_ಬೆಂಚು:
ದಯವಿಟ್ಟು ಬೇಡ. ಮೊದಲ್ನೇ ಹತ್ತು ನಿಮಿಷದಲ್ಲೇ ಹೆಸರೂ ಗೊತ್ತಿಲ್ದಿರೋರ ಕೈ ಹಿಡಿದು ಅವರ ಕಂಕುಳ ಕೆಳಗೆ ತೂರ್ಕೊಂಡು ಹೋಗೋದು ಯಾರಿಗೆ ಬೇಕ್ರೀ. ಮಂಡಿ ನೋವಿರೋರು ಏನ್ ಮಾಡ್ಬೇಕು? ಗಂಟು ಕೆಲವು ಸಲ ಬಿಡಿಸೋಕೆ ಆಗೋದೇ ಇಲ್ಲ, ಯಾರಾದ್ರೂ ಕೈ ಬಿಟ್ಟು ಮತ್ತೆ ಹಿಡೀಲೇಬೇಕು, ಅದು ಗೊತ್ತಿಲ್ದೆ ಮಣಿಕಟ್ಟು ತಿರುಚ್ಕೊಂಡಿದ್ದು ನಾನೇ ನೋಡಿದೀನಿ. ಒಟ್ನಲ್ಲಿ ಇವೆಲ್ಲ ಬಲವಂತದ ಮಾಘಸ್ನಾನ. ಚಪ್ಪಾಳೆ ಹೊಡೀರಿ, ಎದ್ದು ಕುಣೀರಿ, ನಿಮ್ಮನ್ನ ಒಂದು ಪ್ರಾಣಿಗೆ ಹೋಲಿಸ್ಕೊಳ್ಳಿ... ನನ್ನ ಪ್ರಕಾರ 40 ನಿಮಿಷ ಬ್ರೇಕ್ ಕೊಟ್ಬಿಡಿ, ಜನ ತಾವೇ ಮಾತಾಡ್ತಾರೆ.

ಸೀಟಿ_ಮೇಷ್ಟ್ರು:
ಹಿಂದಿನ_ಬೆಂಚು ಅವ್ರ ಸಿಟ್ಟು ಅರ್ಥ ಆಗುತ್ತೆ, ಆದ್ರೆ ಬ್ರೇಕ್ ಕೊಟ್ರೆ ಏನಾಗುತ್ತೆ ಅಂದ್ರೆ ಆ 12 ಜನ ಈ ಕಡೆ ನಿಂತು ಮಾತಾಡ್ತಾರೆ, ಈ 12 ಜನ ಆ ಕಡೆ, ಹೊಸಬ್ರು ಮೊಬೈಲ್ ನೋಡ್ತಾ ಗೋಡೆ ಪಕ್ಕ. ಗೊತ್ತಿರೋರ ಹತ್ರನೇ ಹೋಗೋದು ಮನುಷ್ಯನ ಸಹಜ ಬುದ್ಧಿ. ಅದಕ್ಕೇ ಒಂದು ನೆಪ ಬೇಕು, ಆಟ ಅಂದ್ರೆ ಆ ನೆಪ ಅಷ್ಟೇ.

ಮೂಲೆಕುರ್ಚಿ ಅವ್ರೇ, ನಾನು ವರ್ಷಗಟ್ಲೆ ಇದನ್ನ ಮಾಡ್ಸಿದೀನಿ, ಒಂದೇ ಮಾತು ಹೇಳ್ತೀನಿ: ಒಬ್ರನ್ನ ಎಲ್ರ ಮುಂದೆ ನಿಲ್ಲಿಸ್ಬೇಡಿ, ಇಬ್ಬಿಬ್ಬರನ್ನ ಎದುರುಬದುರು ಕೂರಿಸಿ. 24 ಕುರ್ಚಿ, ಒಳಗೆ 12 ಹೊರಗೆ 12, ಎರಡು ಸುತ್ತು. ಒಂದು ಟೀಮ್ ಒಳಗೆ ಇನ್ನೊಂದು ಹೊರಗೆ, ಆಗ ಎದುರಿಗೆ ಸಿಗೋರು ಯಾವಾಗ್ಲೂ ಆ ಕಡೆಯೋರೇ. ಎರಡು ನಿಮಿಷಕ್ಕೊಂದು ಪ್ರಶ್ನೆ, ಸೀಟಿ ಊದಿದ ತಕ್ಷಣ ಹೊರಗಿನೋರು ಒಂದು ಕುರ್ಚಿ ಆಚೆ ಸರೀಬೇಕು. ಮಂಡಿ ನೋವಿರೋರು ಒಳಗಿನ ಸುತ್ತಲ್ಲಿ, ಅವ್ರು ಏಳೋದೇ ಬೇಡ. ಏಳೆಂಟು ರೌಂಡ್ ಸಾಕು, 12 ರೌಂಡೂ ಮಾಡ್ಸೋಕೆ ಹೋದ್ರೆ ಗಂಟಲು ಒಣಗಿ ಸಾಕಾಗುತ್ತೆ ಜನಕ್ಕೆ.

ಪ್ರಶ್ನೆ ಹೆಂಗಿರ್ಬೇಕು ಅಂದ್ರೆ ಯೋಚ್ನೆ ಮಾಡ್ದೇ ಬಾಯಿಗೆ ಬರೋ ಹಾಗಿರ್ಬೇಕು. "ಇವತ್ತು ಎದ್ದ ಮೇಲೆ ಮೊದಲು ಏನ್ ಮಾಡಿದ್ರಿ", "ನಿಮ್ಮ ಕೆಲಸದಲ್ಲಿ ಹೊರಗಿನೋರಿಗೆ ಎಷ್ಟು ಹೇಳಿದ್ರೂ ಅರ್ಥ ಆಗದ ವಿಷ್ಯ ಯಾವ್ದು", "ಯಾವ ವಿಷ್ಯಕ್ಕೆ ನಿಮ್ಮನ್ನ ಧೈರ್ಯವಾಗಿ ಕೇಳ್ಬಹುದು". ಮನೆ, ಮದುವೆ, ಮಕ್ಕಳು, ಬಾಲ್ಯದ ನೆನಪು ಇವಕ್ಕೆಲ್ಲ ಕೈ ಹಾಕ್ಬೇಡಿ, ಯಾರ ಮನೇಲಿ ಏನಿದೆ ಅಂತ ನಮಗೇನ್ ಗೊತ್ತು. ಆರ್ಥರ್ ಏರನ್ ಅನ್ನೋ ಮನಶ್ಶಾಸ್ತ್ರಜ್ಞರು ಮತ್ತವರ ಜೊತೆಗಾರರು 1997ರಲ್ಲಿ, ಪರಿಚಯ ಇಲ್ದಿರೋ ಇಬ್ಬರು ಪರಸ್ಪರ ಪ್ರಶ್ನೆ ಕೇಳ್ಕೊಂಡು ಹತ್ತಿರ ಆಗ್ತಾರಾ ಅಂತ ನೋಡೋಕೆ ಮಾಡಿದ 36 ಪ್ರಶ್ನೆಗಳ ಪ್ರಯೋಗ ನೀವು ಕೇಳಿರ್ಬಹುದು, ಅದ್ರಲ್ಲೂ ಮೂರು ಕಂತು ಇದೆ, ಮೊದಲು ಮೇಲ್ಮೇಲಿನ ಪ್ರಶ್ನೆ, ಹೋಗ್ತಾ ಹೋಗ್ತಾ ಆಳ. ನಿಮಗೆ ಬೇಕಾಗಿರೋದು ಆ ಮೊದಲ್ನೇ ಮೆಟ್ಲು ಮಾತ್ರ, ಮೂರನೇ ಕಂತಿನ ಪ್ರಶ್ನೆ ಆಫೀಸಲ್ಲಿ ಕೇಳಿದ್ರೆ ಅರ್ಧ ಜನ ಎದ್ದು ಹೋಗ್ತಾರೆ.

ಟೈಮ್ ಉಳಿದ್ರೆ ಹುಟ್ಟಿದ ದಿನದ ಸಾಲು. ಬಾಯಿ ಬಿಡದೇ ಬರೀ ಕೈಸನ್ನೆಯಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಸಾಲಾಗಿ ನಿಲ್ಬೇಕು. 23 ಜನ ಇದ್ರೆ ಸಾಕು, ಇಬ್ರದ್ದು ಒಂದೇ ದಿನ ಬರೋ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ, ನಿಮ್ಮ 24ಕ್ಕೆ ಸುಮಾರು 54%. ನಂಬಲ್ಲ ಜನ, ಆದ್ರೆ 24 ಜನದಲ್ಲಿ 276 ಜೋಡಿ ಆಗುತ್ತೆ ನೋಡಿ, ಅದಕ್ಕೇ. ಮಂಡಿ ನೋವಿನೋರನ್ನ ಇಲ್ಲಿ ಅಂಪೈರ್ ಮಾಡಿ, ಕೂತಲ್ಲಿಂದಲೇ ಒಬ್ಬೊಬ್ಬರ ತಾರೀಖು ಕೇಳಿ ಸಾಲು ಸರಿ ಇದ್ಯಾ ಅಂತ ಚೆಕ್ ಮಾಡ್ಲಿ. ಹುಟ್ಟಿದ ವರ್ಷ ಮಾತ್ರ ಕೇಳ್ಬೇಡಿ ಮಾರಾಯ್ರೇ.

ಸುಮ್ನೆ_ಓದ್ತೀನಿ:
ಸಾಮಾನ್ಯವಾಗಿ ನಾನು ಇಲ್ಲಿ ಬರಿಯಲ್ಲ, ಆದ್ರೆ ಆ ಹದಿನೇಳನೇ ನಂಬರ್ ಕಥೆಗೆ ಒಂದು ಹೆಸರೇ ಇದೆ. ನೆಕ್ಸ್ಟ್ ಇನ್ ಲೈನ್ ಎಫೆಕ್ಟ್ ಅಂತಾರೆ. 1973ರಲ್ಲಿ ಮಾಲ್ಕಮ್ ಬ್ರೆನ್ನರ್ ಅನ್ನೋರು ಜನರನ್ನ ಸುತ್ತ ಕೂರ್ಸಿ ಸರದಿ ಪ್ರಕಾರ ಪದ ಓದಿಸಿ ನೋಡಿದ್ರು, ತಮ್ಮ ಸರದಿಗೆ ಸ್ವಲ್ಪ ಮುಂಚೆ ಬೇರೆಯವ್ರು ಓದಿದ್ದೇ ಜನಕ್ಕೆ ಕಮ್ಮಿ ನೆನಪಿತ್ತು. ಅಂದ್ರೆ ಪಕ್ಕದೋರ ಹೆಸರು ಮರೆತಿದ್ದು ನಿಮ್ಮ ತಪ್ಪಲ್ಲ, ಆಟದ ತಪ್ಪು.

ಇನ್ನೊಂದು, "ಎರಡು ನಿಜ ಒಂದು ಸುಳ್ಳು" (ಒಬ್ಬೊಬ್ರು ತಮ್ಮ ಬಗ್ಗೆ ಮೂರು ಮಾತು ಹೇಳೋದು, ಅದ್ರಲ್ಲಿ ಸುಳ್ಳು ಯಾವ್ದು ಅಂತ ಉಳಿದೋರು ಕಂಡುಹಿಡಿಯೋದು) ಆಡ್ಸೋ ಯೋಚ್ನೆ ಇದ್ರೆ ಎಲ್ರನ್ನೂ ಒಟ್ಟಿಗೆ ಕೂರ್ಸಿ ಆಡ್ಸ್ಬೇಡಿ, ತಲಾ 3 ನಿಮಿಷ ಅಂದ್ರೂ 72 ನಿಮಿಷ ಬೇಕು. ನಾಲ್ಕು ನಾಲ್ಕು ಜನ ಮಾಡಿದ್ರೆ 12 ನಿಮಿಷಕ್ಕೆ ಮುಗಿಯುತ್ತೆ. ಯಾವ ಆಟಕ್ಕಾದ್ರೂ "ಪಾಸ್" ಅನ್ನೋ ಅವಕಾಶ ಇದೆ ಅಂತ ಮೊದಲೇ ಹೇಳಿ, ಮತ್ತೆ ಮೊದಲ್ನೇ ಪಾಸ್ ನೀವೇ ಅನ್ನಿ. ನಮ್ಮಂಥ ಮಾತು ಕಮ್ಮಿ ಇರೋರಿಗೆ ಅದೊಂದೇ ಉಸಿರಾಡೋಕೆ ಕಿಟಕಿ.

ಮೂಲೆಕುರ್ಚಿ:
ಮುಗೀತು! ಬಂದು ಹೇಳ್ಲೇಬೇಕು ಅನ್ನಿಸ್ತು. ಕುರ್ಚಿ ಸುತ್ತು ಮಾಡ್ಸಿದೆ, ಏಳು ರೌಂಡ್. ಮೊದಲೆರಡು ರೌಂಡಲ್ಲಿ ಬರೀ ಗುಸುಗುಸು, ನಂಗೆ ಬೆವರು. ಮೂರನೇ ರೌಂಡಲ್ಲಿ ಸೀಟಿ ಊದಿದ್ರೆ ಯಾರಿಗೂ ಕೇಳಿಸ್ಲೇ ಇಲ್ಲ, ಅಷ್ಟು ಗಲಾಟೆ, ಎದ್ದು ಲೈಟ್ ಆರಿಸಿ ಹಚ್ಚಬೇಕಾಯ್ತು. ಹೊರಗಿನ ಸುತ್ತಲ್ಲಿ ಒಬ್ರು ಏಳೋಕೇ ಒಪ್ಪದೆ "ಇವ್ರ ಮಾತು ಮುಗಿದಿಲ್ಲ ಇರ್ರಿ" ಅಂತ ಇಡೀ ಚಕ್ರ ನಿಲ್ಲಿಸ್ಬಿಟ್ರು.

ಹುಟ್ಟಿದ ದಿನದ ಸಾಲಲ್ಲಿ ನಮಗೆ ಬಂದಿದ್ದು ಆ ಉಳಿದ 46%, ಒಂದೂ ಜೋಡಿ ಸಿಗ್ಲಿಲ್ಲ. ಆದ್ರೆ ಹೊಸದಾಗಿ ಸೇರಿರೋ ಹುಡುಗಿ ಮೊದಲು ಮೂರು ಬೆರಳು ತೋರ್ಸಿ ಆಮೇಲೆ ಹನ್ನೆರಡು ತೋರ್ಸಿದ್ಲು, ಎಲ್ರೂ ಸೇರಿ ಅವಳನ್ನ ಡಿಸೆಂಬರ್ ಕೊನೆಗೆ ತಳ್ಳಿ ನಿಲ್ಸಿದ್ರು, ಪಾಪ ಮಾತಾಡೋ ಹಾಗಿಲ್ವಲ್ಲ, ಕೈ ಆಡಿಸ್ತಾನೇ ಇದ್ಲು. ಅಂಪೈರ್ ಸರ್ ಕೇಳಿದಾಗ ಗೊತ್ತಾಯ್ತು ಅವಳದ್ದು ಮಾರ್ಚ್ 12. ಎರಡನೇ ದಿನ ಪೂರ್ತಿ ಅವಳನ್ನ ಎಲ್ರೂ ಡಿಸೆಂಬರ್ ಅಂತಲೇ ಕರೀತಿದ್ರು, ಅವಳೂ "ಏನ್ರೀ" ಅಂತ ತಿರುಗ್ತಿದ್ಲು.

ಪಾಸ್ ಅಂತ ಮೊದಲು ನಾನೇ ಅಂದೆ. ಆಮೇಲೆ ಇಡೀ 40 ನಿಮಿಷದಲ್ಲಿ ಅದನ್ನ ಇನ್ನೊಬ್ರು ಮಾತ್ರ ಬಳಸಿದ್ರು.