‘ರಕ್ತ ತೆಳ್ಳಗಾಗಿದೆ’ ಅನ್ನಬಹುದೇ? ಹೆಪ್ಪು, ಗಡ್ಡೆ, ಗರಣೆ ಪದಗಳ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಹುಬ್ಬಳ್ಳಿಯ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ಟೆಕ್ನಿಷಿಯನ್. ಲಿವರ್ ತೊಂದರೆ ಇರುವವರಿಗೆ ಕೊಡಲು ಒಂದು ಪುಟದ ಕನ್ನಡ ಚೀಟಿ ಬರೆಯುತ್ತಿದ್ದೇನೆ. ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು ನೋಡುವ ಪರೀಕ್ಷೆ ಪಿಟಿ, ಆ ಹೊತ್ತನ್ನು ಮಾಮೂಲಿಗೆ ಹೋಲಿಸಿದ ಅಂಕಿ ಐಎನ್‌ಆರ್) ಅಂದರೆ ಏನು, ಡಾಕ್ಟರು ಅದನ್ನು ಯಾಕೆ ಮಾಡಿಸುತ್ತಾರೆ ಅಂತ. ಮೂರನೇ ಸಾಲಿಗೇ ಪದ ಸಿಗದೆ ನಿಂತಿದ್ದೇನೆ. ನಿಮ್ಮ ಸಹಾಯ ಬೇಕು.

ಕಳೆದ ತಿಂಗಳು ಕುಂದಗೋಳ ಕಡೆಯ ರೈತರೊಬ್ಬರ ಮಗ ರಿಪೋರ್ಟ್ ಒಯ್ಯಲು ಬಂದಿದ್ದರು. ತಂದೆಗೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ. ಐಎನ್‌ಆರ್ 1.9 ಬಂದಿತ್ತು, ಮಾಮೂಲಿಗಿಂತ ಜಾಸ್ತಿ. ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟೂ ಇತ್ತು. ಕರುಳಿನಿಂದ ಲಿವರಿಗೆ ಹೋಗುವ ದೊಡ್ಡ ರಕ್ತನಾಳದಲ್ಲಿ ರಕ್ತ ಗಟ್ಟಿಯಾಗಿ ಕೂತಿದೆ ಅಂತ ಅದರಲ್ಲಿ ಬರೆದಿತ್ತು. ಅವರು ಕೇಳಿದರು: “ಅಕ್ಕಾರ, ಅಪ್ಪಂದು ರಕ್ತ ತೆಳ್ಳಗ ಆಗೇತಿ ಅಂತ ಹೋದ ಸಲ ನೀವ ಹೇಳಿದ್ರಿ. ತೆಳ್ಳಗಾದ ರಕ್ತ ಒಳಗ ಹೆಂಗ ಗಡ್ಡಿ ಕಟ್ಟತೈತ್ರಿ?”

ಆ ಪ್ರಶ್ನೆಗೆ ನನ್ನ ಹತ್ತಿರ ಕೂಡಲೇ ಉತ್ತರ ಇರಲಿಲ್ಲ. ‘ತೆಳ್ಳಗೆ’ ಅನ್ನುವ ಪದ ನಾನೇ ಅವರ ಕೈಗೆ ಕೊಟ್ಟಿದ್ದೆ. ಸಾರು ತೆಳ್ಳಗಾಗುತ್ತದೆ, ಮಜ್ಜಿಗೆ ತೆಳ್ಳಗಾಗುತ್ತದೆ. ನೀರು ಬೆರೆತರೆ ಹಾಗೆ. ರಕ್ತ ಹೆಪ್ಪುಗಟ್ಟುವುದಕ್ಕೂ ಅದು ನೀರಾಗುವುದಕ್ಕೂ ಸಂಬಂಧವೇ ಇಲ್ಲ. ಹೃದಯದ ಕವಾಟ ಬದಲಿಸಿಕೊಂಡವರು ನುಂಗುವ ‘ರಕ್ತ ತೆಳು ಮಾಡುವ ಗುಳಿಗಿ’ಯ ಜೊತೆ ಈ ಮಾತು ನಮ್ಮಲ್ಲಿ ಬೇರೂರಿದೆ. ಇಂಗ್ಲಿಷ್ ಮಾತನ್ನು ಹಾಗ್ಹಾಗೇ ಇಳಿಸಿಕೊಂಡದ್ದು ಅಲ್ವಾ? ಆ ಗುಳಿಗಿಯೂ ರಕ್ತವನ್ನು ತೆಳು ಮಾಡುವುದಿಲ್ಲ, ಹೆಪ್ಪುಗಟ್ಟುವುದನ್ನು ತಡ ಮಾಡುತ್ತದೆ ಅಷ್ಟೇ.

ಪರೀಕ್ಷೆ ಹೇಗೆ ಮಾಡುತ್ತೇವೆ ಅಂತ ಹೇಳಿದರೆ ಪದ ಹುಡುಕುವುದು ನಿಮಗೂ ಸುಲಭ ಆಗಬಹುದು. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮೊದಲೇ 0.3 ಎಂಎಲ್ ಸಿಟ್ರೇಟ್ ಇರುತ್ತದೆ. ಅದಕ್ಕೆ ಗೆರೆ ಮುಟ್ಟುವಷ್ಟು, ಅಂದರೆ 2.7 ಎಂಎಲ್ ರಕ್ತ ತುಂಬಬೇಕು. ಕಡಿಮೆ ತುಂಬಿದರೆ ರಿಪೋರ್ಟ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಸಿಟ್ರೇಟ್ ರಕ್ತದಲ್ಲಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದರಿಂದ ರಕ್ತ ಹೆಪ್ಪುಗಟ್ಟದೆ ಉಳಿಯುತ್ತದೆ. ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿದರೆ ಮೇಲೆ ತಿಳಿ ನಿಲ್ಲುತ್ತದೆ. ಕಾಮಣಿ ಆದವರದ್ದಾದರೆ ಆ ತಿಳಿ ಅರಿಶಿನದ ನೀರಿನ ಹಾಗಿರುತ್ತದೆ. ಅದನ್ನು 37 ಡಿಗ್ರಿ ಬಿಸಿಯಲ್ಲಿಟ್ಟು ಥ್ರಾಂಬೊಪ್ಲಾಸ್ಟಿನ್ (ಹೆಪ್ಪುಗಟ್ಟುವುದನ್ನು ಶುರು ಮಾಡಿಸುವ ದ್ರವ್ಯ) ಮತ್ತು ಕ್ಯಾಲ್ಸಿಯಂ ಹಾಕಿ ಸೆಕೆಂಡ್ ಎಣಿಸುತ್ತೇವೆ. ಈಗ ಯಂತ್ರ ಎಣಿಸುತ್ತದೆ. ನಾನು ಕೆಲಸ ಕಲಿತಾಗ ಟ್ಯೂಬನ್ನು ಬೆಳಕಿಗೆ ಹಿಡಿದು ಓರೆ ಮಾಡುತ್ತ ಕಣ್ಣಲ್ಲೇ ನೋಡುತ್ತಿದ್ದೆವು. ಹನ್ನೊಂದು, ಹನ್ನೆರಡು, ಹದಿಮೂರು ಅನ್ನುವಷ್ಟರಲ್ಲಿ ತಿಳಿಯೊಳಗೆ ಸಣ್ಣ ಎಳೆ ಕಾಣಿಸುತ್ತದೆ. ಸಕ್ಕರೆ ಪಾಕ ಎಳೆ ಬಂದಂತೆಯೇ. ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರು ಆಗ “ಎಳಿ ಬಂತು” ಅಂತಲೇ ಗಡಿಯಾರ ನಿಲ್ಲಿಸುತ್ತಿದ್ದರು. ಈ ಎಳೆಯೇ ಫೈಬ್ರಿನ್, ಹೆಪ್ಪನ್ನು ಹಿಡಿದಿಡುವ ಪ್ರೋಟೀನ್. ಅದಕ್ಕೆ ಇಷ್ಟು ಚೆಂದದ ಪದ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ಥ್ರಾಂಬೊಪ್ಲಾಸ್ಟಿನ್ ಹಾಕುವುದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹಾಗಾಗಿ ‘ಹೆಪ್ಪುಗಟ್ಟು’ ನನಗೆ ಒಪ್ಪಿಗೆ. ಜನಕ್ಕೂ ಗೊತ್ತಿರುವ ಪದ.

ಕಷ್ಟ ಬರುವುದು ಮುಂದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಹೆಚ್ಚಿನವು ತಯಾರಾಗುವುದು ಲಿವರಿನಲ್ಲಿ. ಲಿವರ್ ಸೋತರೆ ಅವು ಕಡಿಮೆಯಾಗುತ್ತವೆ, ಎಳೆ ಬರುವುದು ತಡವಾಗುತ್ತದೆ, ಐಎನ್‌ಆರ್ ಏರುತ್ತದೆ. ಆದರೆ ಹೆಪ್ಪು ಅತಿಯಾಗದಂತೆ ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಕೂಡ ಅದೇ ಲಿವರಿನಲ್ಲಿ ತಯಾರಾಗುತ್ತವೆ. ಅವೂ ಕಡಿಮೆ ಆಗಿರುತ್ತವೆ. ತಕ್ಕಡಿಯ ಎರಡೂ ತಟ್ಟೆಯಿಂದ ಕಾಳು ತೆಗೆದ ಹಾಗೆ. ಮುಳ್ಳು ಹೆಚ್ಚುಕಡಿಮೆ ನಡುವೆಯೇ ನಿಂತಿರುತ್ತದೆ, ಆದರೆ ಸಣ್ಣ ಗಾಳಿಗೂ ಯಾವ ಕಡೆಗಾದರೂ ವಾಲಬಹುದು. ಪಿಟಿ ನೋಡುವುದು ಒಂದು ತಟ್ಟೆ ಮಾತ್ರ. ಐಎನ್‌ಆರ್ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ತಂದದ್ದು ವಾರ್ಫರಿನ್‌ನಂಥ, ಹೆಪ್ಪುಗಟ್ಟುವುದನ್ನು ತಡ ಮಾಡುವ ಗುಳಿಗಿ ನುಂಗುವವರಿಗಾಗಿ, ಲಿವರ್ ರೋಗಿಗಳಿಗಾಗಿ ಅಲ್ಲ.

ಹಾಗಂತ ಪರೀಕ್ಷೆ ದಂಡ ಅಲ್ಲ. ಲಿವರಿಗೆ ಎಷ್ಟು ಶಕ್ತಿ ಉಳಿದಿದೆ ಅಂತ ಅದು ಚೆನ್ನಾಗಿ ಹೇಳುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ‘ಏಳನೇ ಅಂಶ’ (ಫ್ಯಾಕ್ಟರ್ 7) ಅನ್ನುವುದು ಕೆಲವೇ ತಾಸಿನಲ್ಲಿ ಅರ್ಧಕ್ಕಿಳಿಯುವುದರಿಂದ ಲಿವರ್ ಕೈಕೊಟ್ಟದ್ದು ಬೇಗ ಗೊತ್ತಾಗುತ್ತದೆ. ರಕ್ತಸ್ರಾವ ಆಗುತ್ತದೋ ಇಲ್ಲವೋ ಅನ್ನುವುದನ್ನು ಮಾತ್ರ ಈ ಅಂಕಿಯಿಂದ ಹೇಳಲಾಗದು. ಸಿರೋಸಿಸ್ ಇರುವವರು ರಕ್ತ ಕಾರಿದರೆ ಅದಕ್ಕೆ ಮುಖ್ಯ ಕಾರಣ ಅನ್ನನಾಳದಲ್ಲಿ ಉಬ್ಬಿದ ನಾಳಗಳೊಳಗಿನ ಒತ್ತಡ. ಮನೆಯವರು “ರಕ್ತ ತೆಳ್ಳಗಾಗಿತ್ರಿ, ಅದಕ್ಕ ಹಂಗಾತು” ಅಂದುಕೊಂಡಿರುತ್ತಾರೆ. ಅದಕ್ಕಿಂತ ಅಪಾಯದ್ದು ಇನ್ನೊಂದು. ರಕ್ತ ತೆಳ್ಳಗಿದೆ, ಇನ್ನು ಒಳಗೆ ಕಟ್ಟುವ ಭಯ ಇಲ್ಲ ಅಂತ ಒಂದೇ ಕಾಲು ಬಾತರೂ ಮನೆಯಲ್ಲೇ ಕೂತುಬಿಡುತ್ತಾರೆ.

ಈಗ ಆ ‘ಒಳಗೆ ಕಟ್ಟಿದ್ದಕ್ಕೆ’ ಏನನ್ನಬೇಕು? ನಮ್ಮ ಕಡೆ ಎಲ್ಲರೂ ‘ಗಡ್ಡಿ’ ಅನ್ನುತ್ತಾರೆ. ಆದರೆ ಗಡ್ಡಿ ಅಂದರೆ ಕ್ಯಾನ್ಸರ್ ಗಡ್ಡೆಯೂ ಹೌದು. ಸಿರೋಸಿಸ್ ಇರುವವರಿಗೆ ಸ್ಕ್ಯಾನಿಂಗ್‌ನಲ್ಲಿ ಅದನ್ನೂ ಹುಡುಕುತ್ತಾರೆ. ಒಂದೇ ಪದದಿಂದ ಮನೆಮಂದಿಯೆಲ್ಲ ಅತ್ತದ್ದನ್ನು ನಾನು ಕೌಂಟರಿನ ಈ ಕಡೆ ನಿಂತು ನೋಡಿದ್ದೇನೆ. ಹಾಗಾಗಿ ಚೀಟಿಯಲ್ಲಿ ಗಡ್ಡೆ ಬೇಡವೇ ಬೇಡ. ‘ಗರಣೆ’ ಅನ್ನುವ ಪದ ಪುಸ್ತಕದಲ್ಲಿ ಓದಿದ್ದೇನೆ. ಗಾಯದ ಮೇಲೆ ಕಟ್ಟುವ ಒಳ್ಳೆಯದಕ್ಕೆ ‘ಹೆಪ್ಪು’, ನಾಳದೊಳಗೆ ಬೇಡದ ಕಡೆ ಕಟ್ಟಿದ್ದಕ್ಕೆ ‘ಗರಣೆ’ ಅಂತ ಬೇರೆ ಮಾಡಿದರೆ ಸರಿಯಾದೀತೇ? ನಮ್ಮ ಕೌಂಟರಿನಲ್ಲಿ ಯಾರೂ ಗರಣೆ ಅಂದದ್ದು ಕೇಳಿಲ್ಲ. ಗದಗ, ರೋಣ, ರಾಣೇಬೆನ್ನೂರು ಕಡೆ ಮನೆಮಾತಿನಲ್ಲಿ ಇದೆಯೇ? ಇದ್ದರೆ ಯಾವುದಕ್ಕೆ ಬಳಸುತ್ತೀರಿ? ಕುಡುಗೋಲು ತಾಗಿ ರಕ್ತ ನಿಲ್ಲದಾಗ, ಆಮೇಲೆ ನಿಂತಾಗ ಹೊಲದಲ್ಲಿ ಏನನ್ನುತ್ತಾರೆ ಅಂತಲೂ ಬರೆಯಿರಿ.

ಸದ್ಯಕ್ಕೆ ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: “ನಿಮ್ಮ ರಕ್ತ ಹೆಪ್ಪುಗಟ್ಟಲು ಜಾಸ್ತಿ ಹೊತ್ತು ಹಿಡಿಯುತ್ತಿದೆ. ಲಿವರ್ ಸೋತಿದೆ ಅನ್ನುವುದಕ್ಕೆ ಇದು ಗುರುತು. ಹೀಗಿದ್ದರೂ ರಕ್ತನಾಳದ ಒಳಗೆ ಗರಣೆ ಕಟ್ಟಬಹುದು. ಒಂದೇ ಕಾಲು ಬಾತರೆ, ಹೊಟ್ಟೆನೋವು ಜೋರಾದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.”

ಇದನ್ನು ನಿಮ್ಮ ಮನೆಯ ಹಿರಿಯರಿಗೆ ಒಮ್ಮೆ ಓದಿ ಹೇಳುತ್ತೀರಾ? ಎಲ್ಲಿ ತಡೆದು “ಅಂದ್ರ ಏನು?” ಅಂತ ಕೇಳಿದರೋ ಆ ಪದವನ್ನು ನನಗೆ ತಿಳಿಸಿ.