ಟೈಪ್ 1 ಕೊಲಾಜೆನ್ ಪ್ರಾಬ್ಲಂ ಅಂದ್ರು, ಪೌಡರ್ ಕೊಟ್ರೆ ಸರಿ ಹೋಗತ್ತಾ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳು ಚಿಕ್ಕೋಳು, ಆಟ ಆಡ್ತಾ ಸುಮ್ನೆ ಬಿದ್ರೂ ಮೂಳೆ ಮುರಿಯತ್ತೆ, ಕಣ್ಣಿನ ಬಿಳಿ ಭಾಗ ಸ್ವಲ್ಪ ನೀಲಿ ಇದೆ. ಜೀನ್ ಟೆಸ್ಟ್ ಮಾಡ್ಸಿ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಟೈಪ್ 1 ಕೊಲಾಜೆನ್ ತೊಂದರೆ ಅಂದ್ರು. ಟೈಪ್ 1 ಅಂದ್ರೆ ಮೊದಲನೇ ಸ್ಟೇಜಾ? ಕೊಲಾಜೆನ್ ಪೌಡರ್ ಕೊಡ್ಲಾ? ಮನೇಲಿ ಎಲ್ರೂ ನಾನು ಸರಿಯಾಗಿ ಊಟ ಕೊಟ್ಟಿಲ್ಲ ಅಂತಿದಾರೆ.

ಡಾಕ್ಟರ್ (ಜೆನೆಟಿಕ್ಸ್): ಮೊದ್ಲು ಕೊನೇ ಮಾತಿಗೆ ಉತ್ತರ ಹೇಳ್ತೀನಿ ಅಮ್ಮ, ಇದು ನಿಮ್ಮ ಊಟದಿಂದ ಬಂದಿದ್ದಲ್ಲ, ಮನೆಯವ್ರಿಗೆ ಈ ಮೆಸೇಜ್ ತೋರ್ಸಿ.

ಟೈಪ್ 1 ಅನ್ನೋದು ಸ್ಟೇಜ್ ಅಲ್ಲ. ಕೊಲಾಜೆನ್ ಅಂದ್ರೆ ಮೈನ ಭಾಗಗಳನ್ನ ಗಟ್ಟಿಯಾಗಿ ಹಿಡಿದಿಡೋ ಪ್ರೋಟೀನ್. ನಮ್ಮ ದೇಹದಲ್ಲಿ 28 ಥರದ ಕೊಲಾಜೆನ್ ಇದೆ, ಅದ್ರಲ್ಲಿ ಸುಮಾರು 90 ಪರ್ಸೆಂಟ್ ಟೈಪ್ 1, ಮೂಳೆ, ಚರ್ಮ, ಟೆಂಡನ್, ಹಲ್ಲು, ಕಣ್ಣಿನ ಬಿಳಿ ಪದರ ಎಲ್ಲಾ ಕಡೆ ಅದೇ. ಮೂಳೆಯ ಕ್ಯಾಲ್ಸಿಯಂ ಕೂರೋದೇ ಇದರ ಮೇಲೆ, ಇದು ಕೆಟ್ರೆ ಕ್ಯಾಲ್ಸಿಯಂ ಎಷ್ಟೇ ಇದ್ರೂ ಮೂಳೆ ಪಟ್ ಅಂತ ಮುರಿಯತ್ತೆ. ಕಣ್ಣಿನ ಬಿಳಿ ಪದರ ತೆಳು ಆದಾಗ ಹಿಂದಿರೋ ಬಣ್ಣದ ಪದರ ಕಾಣ್ಸತ್ತೆ, ಅದಕ್ಕೇ ನೀಲಿ.

ಕೊಲಾಜೆನ್ ಅಂದ್ರೆ ಮೂರು ಎಳೆ ಹೊಸೆದ ಹಗ್ಗದ ಥರ (ಈ ರಚನೆನ 1954ರಲ್ಲಿ ಮೊದ್ಲು ಹೇಳಿದ್ದು ಮದ್ರಾಸಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತೆ ಗೋಪಿನಾಥ್ ಕರ್ತಾ). ಪ್ರತಿ ಎಳೇಲೂ ಮೂರಕ್ಕೊಂದು ಜಾಗದಲ್ಲಿ ಗ್ಲೈಸಿನ್ ಅನ್ನೋ ಅಮೈನೋ ಆಸಿಡ್ (ಪ್ರೋಟೀನ್ ಕಟ್ಟೋ ಇಟ್ಟಿಗೆ) ಇರ್ಲೇಬೇಕು, ಯಾಕಂದ್ರೆ ಎಳೆಗಳು ಸೇರೋ ನಡುವಿನ ಇಕ್ಕಟ್ಟಲ್ಲಿ ಹಿಡಿಸೋ ಅಷ್ಟು ಚಿಕ್ಕ ಅಮೈನೋ ಆಸಿಡ್ ಅದೊಂದೇ. ಅಲ್ಲಿ ಬೇರೇದು ಬಂದು ಕೂತ್ರೆ ಹೊಸೆಯೋದೇ ತಪ್ಪತ್ತೆ. ಟೈಪ್ 1ರಲ್ಲಿ ಎರಡು ಆಲ್ಫಾ-1 ಎಳೆ, ಒಂದು ಆಲ್ಫಾ-2. ಆಲ್ಫಾ-1 ಜೀನಿನ ಎರಡು ಕಾಪಿಯಲ್ಲಿ ಒಂದು ಕೆಟ್ಟ ಎಳೆ ಮಾಡ್ತಿದ್ರೂ ನಾಲ್ಕರಲ್ಲಿ ಮೂರು ಹಗ್ಗಕ್ಕೆ ಕೆಟ್ಟ ಎಳೆ ಸೇರ್ಕೊಳತ್ತೆ. ಅದೇ ಆ ಕಾಪಿ ಏನೂ ಮಾಡ್ದೇ ಸುಮ್ನಿದ್ರೆ ಹಗ್ಗ ಅರ್ಧಕ್ಕರ್ಧ ಕಮ್ಮಿ ಆಗತ್ತೆ, ಆದ್ರೆ ಇರೋದೆಲ್ಲಾ ಗಟ್ಟಿ. ಅಂದ್ರೆ ಕೆಟ್ಟದು ಮಾಡೋದಕ್ಕಿಂತ ಮಾಡ್ದೇ ಇರೋದೇ ವಾಸಿ, ಸಾಮಾನ್ಯವಾಗಿ ಕಾಯಿಲೆ ಸೌಮ್ಯ ಇರತ್ತೆ. ರಿಪೋರ್ಟಲ್ಲಿ ಗ್ಲೈಸಿನ್ ಬದಲಾಗಿದೆ ಅಂತ ಇದ್ಯಾ, ಇಲ್ಲಾ ಸ್ಟಾಪ್ (ಎಳೆ ಮಾಡೋದು ಅರ್ಧಕ್ಕೇ ನಿಲ್ಲತ್ತೆ, ಆ ಕಾಪಿ ಸುಮ್ನಿದ್ದ ಹಾಗೆ) ಅಂತ ಇದ್ಯಾ ನೋಡಿ ಹೇಳಿ.

ಪೌಡರ್ ಬೇಡ. ಹೊಟ್ಟೇಲಿ ಅದು ಅಮೈನೋ ಆಸಿಡ್, ಚೂರುಪಾರು ಪೆಪ್ಟೈಡ್ ಆಗಿ ಒಡೆದುಹೋಗತ್ತೆ, ಡಬ್ಬಿ ಮೇಲಿನ ಟೈಪ್ ನಂಬರ್ ನೋಡ್ಕೊಂಡು ಮೂಳೆಗೆ ಹೋಗಲ್ಲ. ಮಗೂಗೆ ಕಮ್ಮಿ ಇರೋದು ಸಾಮಾನಲ್ಲ, ಕಟ್ಟೋ ನಕ್ಷೇಲೇ ತಪ್ಪಿದೆ.

ಅದೇ ತಾಯಿ: ಸ್ಟಾಪ್ ಅಂತಾನೇ ಇದೆ ಡಾಕ್ಟ್ರೇ.

ಡಾಕ್ಟರ್: ಒಳ್ಳೇದು, ಸಾಧಾರಣವಾಗಿ ಇದು ಸೌಮ್ಯ ಗುಂಪು. ಬಿಸ್ಫಾಸ್ಫೊನೇಟ್ (ಮೂಳೆ ಸವೆಯೋದನ್ನ ಕಮ್ಮಿ ಮಾಡೋ ಔಷಧಿ) ಬೇಕಾ ಅಂತ ಮಕ್ಕಳ ಮೂಳೆ ಡಾಕ್ಟರ್ ನಿರ್ಧಾರ ಮಾಡ್ತಾರೆ, ಫಿಸಿಯೋ ಬಿಡ್ಬೇಡಿ, ವಿಟಮಿನ್ ಡಿ ನೋಡ್ಸಿ, ಹಲ್ಲು ಮತ್ತೆ ಕಿವಿ ಚೆಕ್ ಮಾಡ್ಸ್ತಾ ಇರಿ. ಎತ್ಕೊಳ್ಳೋವಾಗ ಕಂಕುಳು ಹಿಡಿದು ಎಳೀಬೇಡಿ, ಬೆನ್ನು ಮತ್ತೆ ಕುಂಡಿ ಕೆಳಗೆ ಕೈ ಕೊಟ್ಟು ಎತ್ತಿ. ಡಯಾಗ್ನೋಸಿಸ್ ಬರೆದಿರೋ ಲೆಟರ್ ಯಾವಾಗ್ಲೂ ಜೊತೇಲಿರ್ಲಿ, ಯಾಕಂದ್ರೆ ಪದೇ ಪದೇ ಫ್ರಾಕ್ಚರ್ ಅಂತ ಎಮರ್ಜೆನ್ಸಿಗೆ ಹೋದಾಗ ಅಲ್ಲಿರೋರಿಗೆ ಮಗೂನ ಹೊಡೀತಾರೇನೋ ಅಂತ ಅನುಮಾನ ಬರಬಹುದು, ಆ ನೋವು ನಿಮಗೆ ಬೇಡ.

ಪ್ರಶ್ನೆ: ನಮ್ಮ ಅಕ್ಕನ ಮಗನಿಗೆ ಯೂರಿನ್‌ನಲ್ಲಿ ರಕ್ತ, ಈಗ ಕಿವೀನೂ ಮಂದ ಆಗಿದೆ, ಆಲ್ಪೋರ್ಟ್ ಅನ್ನೋ ಕಾಯಿಲೆ ಅಂದ್ರು. ಕಿಡ್ನಿಗೂ ಕಿವಿಗೂ ಏನ್ ಸಂಬಂಧ ಸರ್?

ಡಾಕ್ಟರ್: ಸಂಬಂಧ ಟೈಪ್ 4 ಕೊಲಾಜೆನ್. ಇದು ಹಗ್ಗ ಆಗಲ್ಲ, ಜಾಲ ಆಗಿ ಬೇಸ್‌ಮೆಂಟ್ ಮೆಂಬ್ರೇನ್ (ಜೀವಕೋಶಗಳಿಗೆ ಆಧಾರವಾಗಿರೋ ತೆಳು ಪದರ) ಕಟ್ಟತ್ತೆ. ಅದರ ಆಲ್ಫಾ 3, 4, 5 ಎಳೆಗಳು ಕಿಡ್ನಿಯ ಫಿಲ್ಟರ್, ಒಳಗಿವಿಯ ಕಾಕ್ಲಿಯಾ, ಕಣ್ಣಿನ ಲೆನ್ಸ್ ಹೊದಿಕೆ, ಈ ಮೂರು ಕಡೆನೂ ಇವೆ, ಅದಕ್ಕೆ ಕಣ್ಣೂ ತೋರ್ಸಿ. ಹೆಚ್ಚಿನವ್ರಲ್ಲಿ ತಪ್ಪಿರೋದು ಎಕ್ಸ್ ಕ್ರೋಮೋಸೋಮ್ ಮೇಲಿನ ಆಲ್ಫಾ-5 ಜೀನಲ್ಲಿ, ಹಾಗಾಗಿ ಹುಡುಗರಿಗೆ ಜೋರಾಗಿ ಬರತ್ತೆ. ಆದ್ರೆ ನಿಮ್ಮ ಅಕ್ಕನಿಗೆ ಏನೂ ಆಗಲ್ಲ ಅಂತ ಬಿಡ್ಬೇಡಿ, ಹೆಂಗಸರಿಗೂ ಕಿಡ್ನಿ ಹೋಗಬಹುದು, ಯೂರಿನ್ ಮತ್ತೆ ಬಿಪಿ ಚೆಕ್ ಮಾಡ್ಸ್ಲೇಬೇಕು. ಹುಡುಗನಿಗೆ ರಾಮಿಪ್ರಿಲ್ ಥರದ ಬಿಪಿ ಮಾತ್ರೆ, ಅಂದ್ರೆ ಎಸಿಇ ಇನ್‌ಹಿಬಿಟರ್ ಬೇಗ ಶುರು ಮಾಡಿದ್ರೆ ಕಿಡ್ನಿ ಫೇಲ್ಯೂರ್ ಮುಂದಕ್ಕೆ ಹೋಗತ್ತೆ, ಇದನ್ನ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ಹತ್ರ ನೀವಾಗೇ ಕೇಳಿ.

ಪ್ರಶ್ನೆ: ನನ್ನ ಬೆರಳೆಲ್ಲಾ ಹಿಂದಕ್ಕೆ ಬಾಗತ್ತೆ, ಚರ್ಮ ತುಂಬಾ ತೆಳು, ಎದೆ ಮೇಲೆ ನರ ಎಲ್ಲಾ ಕಾಣತ್ತೆ. ಮಾವ ಚಿಕ್ಕ ವಯಸ್ಸಲ್ಲೇ ರಕ್ತನಾಳ ಒಡೆದು ತೀರ್ಕೊಂಡ್ರು. ಮಗು ಪ್ಲಾನ್ ಮಾಡ್ತಿದೀವಿ, ಕೀಲು ಸಡಿಲ ಇದ್ರೆ ತೊಂದ್ರೆನಾ?

ಡಾಕ್ಟರ್: ಮಾವ ಅಂದ್ರೆ ತಾಯಿಯ ಅಣ್ಣ-ತಮ್ಮನಾ? ಹೌದಾದ್ರೆ ದಯವಿಟ್ಟು ಟೆಸ್ಟ್ ಆಗೋವರೆಗೂ ಪ್ಲಾನ್ ನಿಲ್ಸಿ. ಕೀಲು ಸಡಿಲ ಇರೋರು ಬಹಳ ಜನ ಇದಾರೆ, ಹೆಚ್ಚಿನವ್ರಿಗೆ ಏನೂ ಆಗಲ್ಲ, ನನಗೆ ಚಿಂತೆ ಆಗಿದ್ದು ತೆಳು ಚರ್ಮ ಮತ್ತೆ ಒಡೆದ ರಕ್ತನಾಳ ಒಟ್ಟಿಗೆ ಬಂದಿದ್ದಕ್ಕೆ. ರಕ್ತನಾಳ, ಕರುಳು, ಗರ್ಭಕೋಶ ಇವಕ್ಕೆಲ್ಲಾ ಟೈಪ್ 3 ಕೊಲಾಜೆನ್ ಬೇಕು, ಅದು ಕೆಟ್ರೆ ವ್ಯಾಸ್ಕುಲರ್ ಎಹ್ಲರ್ಸ್-ಡಾನ್ಲೋಸ್ ಅನ್ನೋ ಕಾಯಿಲೆ ಬರತ್ತೆ, ಅದ್ರಲ್ಲಿ ಬಸುರಿ ಮತ್ತೆ ಹೆರಿಗೆ ಸಮಯದಲ್ಲಿ ಗರ್ಭಕೋಶವೋ ದೊಡ್ಡ ರಕ್ತನಾಳವೋ ಒಡೆಯೋ ಅಪಾಯ ಇದೆ. ಅದು ನಿಮಗಿದೆ ಅಂತ ನಾನು ಹೇಳ್ತಿಲ್ಲ, ಒಂದು ಜೀನ್ ಟೆಸ್ಟಲ್ಲಿ ಗೊತ್ತಾಗತ್ತೆ. ಅಲ್ಲಿವರೆಗೆ ದಿಢೀರ್ ಅಂತ ಎದೆ ಅಥವಾ ಹೊಟ್ಟೆ ನೋವು ಜೋರಾಗಿ ಬಂದ್ರೆ ಗ್ಯಾಸ್ ಅಂತ ಕಾಯ್ಬೇಡಿ, ಎಮರ್ಜೆನ್ಸಿಗೆ ಹೋಗಿ ಮಾವನ ವಿಷಯ ಮೊದಲ ಮಾತಲ್ಲೇ ಹೇಳಿ.

ಪ್ರಶ್ನೆ: ಕೊಲಾಜೆನ್‌ಗೆ ವಿಟಮಿನ್ ಸಿ ಒಳ್ಳೇದಂತೆ, ಜಾಸ್ತಿ ತಗೊಂಡ್ರೆ?

ಡಾಕ್ಟರ್: ಸಿ ಇಲ್ದಿದ್ರೆ ಕೊಲಾಜೆನ್ ಎಳೇಲಿರೋ ಅಮೈನೋ ಆಸಿಡ್ ಪ್ರೋಲಿನ್‌ಗೆ ಹೈಡ್ರಾಕ್ಸಿ ಗುಂಪು ಸೇರಲ್ಲ, ಸೇರದೇ ಇದ್ರೆ ಎಳೆಗಳು ಮೈ ಬಿಸಿಗೇ ಬಿಚ್ಕೊಳತ್ವೆ, ಒಸಡಲ್ಲಿ ರಕ್ತ, ಮಾಯದ ಗಾಯ, ಅದೇ ಸ್ಕರ್ವಿ. ದಿನಕ್ಕೆ ಬೇಕಾದಷ್ಟು ಸಿಗ್ತಿದ್ರೆ ಸಾಕು, ಮೇಲಿಂದ ಸುರಿದ್ರೆ ಹೆಚ್ಚಿಗೆ ಕೊಲಾಜೆನ್ ಆಗಲ್ಲ, ತುಂಬಾ ಜಾಸ್ತಿ ಆದ್ರೆ ಕೆಲವ್ರಿಗೆ ಕಿಡ್ನಿ ಸ್ಟೋನ್ ಬರತ್ತೆ.